ಸದ್ದು ತಿನ್ನುವ ಹಂಡೆ

ಏಕಾಂಬರಣ್ಣ ಹಳೆಯ ಪಂಚೆಯ ಮುಸುಕನ್ನು ಸರಕ್ಕನೆ ಎಳೆದು, ಕೈಕಟ್ಟಿಕೊಂಡು ನಿಂತರು. ಒಳಗಿದ್ದದ್ದು ಅವರದೇ ಬಚ್ಚಲುಮನೆಯ ತಾಮ್ರದ ಹಂಡೆ! ಅದು ಎಲ್ಲಿ ಹೋಯಿತೆಂದು ಅವರ ಹೆಂಡತಿ ಗೌರಕ್ಕ ಮನೆಯೆಲ್ಲ ತಡಕಾಡಿ, ಕೊನೆಗೆ ನಮ್ಮ ಮನೆಯಿಂದ ಬಿಸಿನೀರು ಇಸಿದುಕೊಂಡು ಹೋಗಿ ಸ್ನಾನ ಮಾಡಿದ್ದಳು. ಈಗ ಹಂಡೆಯ ಬಾಯಿಗೊಂದು ಮುಚ್ಚಳ, ಹೊಟ್ಟೆಗೆ ಲೌಡ್‌ಸ್ಪೀಕರಿನ ಹಳೆಯ ತುತ್ತೂರಿ, ಸುತ್ತ ಬಳ್ಳಿಯ ಹಾಗೆ ವೈರು, ಪಕ್ಕದಲ್ಲಿ ಸೀರೆಯ ಡಿಸೈನಿಗೆಂದು ಮಗ್ಗಕ್ಕೆ ಹಾಕುವ ತೂತುರಟ್ಟುಗಳ ಮಾಲೆ.

ನಾನು ಸುಲೋಚನ, ಪಕ್ಕದ ಮನೆಯವಳು. ನಮ್ಮದೂ ಅವರದೂ ಒಂದೇ ಗೋಡೆ. ದೊಡ್ಡಬಳ್ಳಾಪುರದ ನೇಕಾರರ ಬೀದಿ ಎಂದರೆ ಮನೆಮನೆಯಲ್ಲೂ ವಿದ್ಯುತ್ ಮಗ್ಗ. ಬೆಳಗಾದರೆ ಶುರುವಾಗುವ ಅದರ ಬಡಿತದಲ್ಲಿ ಪಕ್ಕದಲ್ಲಿ ಕುಳಿತವರು ಸೀನಿದರೂ ಗೊತ್ತಾಗುವುದಿಲ್ಲ. ಕರೆಂಟು ಇದ್ದರೆ ಮಗ್ಗವೂ ನಡೆಯುತ್ತದೆ, ಟೀವಿಯೂ ನಡೆಯುತ್ತದೆ. ಹೋದರೆ ಎರಡೂ ಹೋಗುತ್ತವೆ. ಹಾಗಾಗಿ ನಮ್ಮ ಬೀದಿಯ ಹೆಂಗಸರು ಟೀವಿ ನೋಡಿದವರೇ ಹೊರತು ಕೇಳಿದವರಲ್ಲ. ನಾವು ಮಾತಾಡುವುದೂ ತುಟಿಯಲ್ಲಿ, ಕೈಯಲ್ಲಿ. ಬಾಯಿ ದೊಡ್ಡದಾಗಿ ತೆರೆದು, ಉಸಿರು ಖರ್ಚು ಮಾಡದೆ, ಮಗ್ಗದ ಆ ತುದಿಯವರಿಗೆ ಈ ತುದಿಯಿಂದ ಒಂದು ಮದುವೆಯ ಕತೆಯನ್ನು ಊಟದ ಸಮೇತ ಹೇಳಬಲ್ಲೆವು.

ಟೀವಿಯವರಿಗೆ ಈ ಮರ್ಯಾದೆ ಇಲ್ಲ. ತುಟಿಯ ಬಣ್ಣ ಕೆಡಬಾರದೆಂದು ಬಾಯಿ ಬಿಡದೇ ಮಾತಾಡುತ್ತಾರೆ. ಹಿಂದಿಯಿಂದ ಡಬ್ ಆಗಿ ಬರುವ ಸೀರಿಯಲ್ಲುಗಳಲ್ಲಂತೂ ತುಟಿ ನೋಡಿ ಏನೂ ತಿಳಿಯುವುದಿಲ್ಲ. ಆದ್ದರಿಂದಲೇ ಸಂಜೆಯಾದರೆ ನಾವೆಲ್ಲ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವ ರಾಟೆಗಳನ್ನು ಎತ್ತಿಕೊಂಡು ಗೌರಕ್ಕನ ಮನೆಗೆ ಹೋಗುತ್ತಿದ್ದೆವು. ಯಾವ ಹೊಸ ಸೀರಿಯಲ್ಲು ಬರಲಿ, ಒಂದು ವಾರ ನೋಡಿ ಅದರ ಕತೆ ಏನೆಂದು ಗೌರಕ್ಕ ತೀರ್ಪು ಕೊಡುತ್ತಿದ್ದಳು, ಬೀದಿ ಒಪ್ಪಿಕೊಳ್ಳುತ್ತಿತ್ತು.

ಅವಳ ಅಭಿಪ್ರಾಯಗಳೋ, ಕೇಳಬೇಕು! ಈಚೆಗೆ ಶುರುವಾದ ಅತ್ತೆ ಸೊಸೆ ಸೀರಿಯಲ್ಲಿನಲ್ಲಿ ಅತ್ತೆಯ ಮುಖವನ್ನು ಎಡದಿಂದ, ಬಲದಿಂದ, ಮೇಲಿನಿಂದ ಮತ್ತೆಮತ್ತೆ ತೋರಿಸುತ್ತಾರಲ್ಲ, ಆ ಹೆಂಗಸು ದವಡೆ ಕಚ್ಚಿಕೊಂಡಿರುತ್ತಾಳಲ್ಲ, ಅದು ಹಲ್ಲುನೋವು ಎಂದಳು. ಪಾಪ, ಇಷ್ಟು ನೋವಿನಲ್ಲೂ ರೇಷ್ಮೆ ಸೀರೆ ಉಟ್ಟು ಮಹಡಿ ಹತ್ತಿ ಇಳಿಯುತ್ತಾಳೆ, ಆ ಸೊಸೆಗೆ ಒಂದು ಲವಂಗ ತಂದುಕೊಡುವ ಬುದ್ಧಿ ಇಲ್ಲ ಎಂದಳು. ನಾವೆಲ್ಲ ಸೊಸೆಯನ್ನು ಬೈದೆವು. ಇನ್ನೊಂದರಲ್ಲಿ ಹೀರೋ ಸುಮ್ಮನೆ ದೂರ ನೋಡುತ್ತ ನಿಂತರೆ, ಮೋಟಾರು ಆಫ್ ಮಾಡಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಾನೆ ಎನ್ನುತ್ತಿದ್ದಳು. ಸೀರಿಯಲ್ಲು ನೋಡಿ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅಳುವುದು ಶನಿವಾರದ ಕಾಮಿಡಿ ಷೋಗೆ. ಸೀರೆ ಉಟ್ಟ ಒಬ್ಬ ಸಣಕಲ ಗಂಡಸು ಬರುತ್ತಾನೆ, ಯಾರೋ ಅವನಿಗೆ ಬಾರಿಸುತ್ತಾರೆ, ಅವನು ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ಕುರ್ಚಿಯಲ್ಲಿ ಕುಳಿತ ದೊಡ್ಡವರು ಬಾಯಿ ತೆರೆದು ನೋಡುತ್ತಾರೆ. ಮನೆಯಲ್ಲಿ ಏನು ಕಷ್ಟವೋ, ಇಲ್ಲದಿದ್ದರೆ ವಾರವಾರ ಬಂದು ಯಾರು ಒದೆ ತಿನ್ನುತ್ತಾರೆ ಎಂದು ಗೌರಕ್ಕ ಕಣ್ಣೊರೆಸಿಕೊಂಡರೆ ನಾವೂ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಕಮಲಿ ಎಂಬ ಎದುರುಮನೆಯವಳು ಅವನ ಹೆಸರಿನಲ್ಲಿ ಚೌಡೇಶ್ವರಿಗೆ ತುಪ್ಪದ ದೀಪ ಹಚ್ಚಿಸಿದ್ದಳು.

ಇಷ್ಟೆಲ್ಲ ಅಭಿಪ್ರಾಯವಿದ್ದ ಗೌರಕ್ಕನಿಗೆ ಗಂಡನ ಬಗ್ಗೆ ಮಾತ್ರ ಒಂದೂ ಇರಲಿಲ್ಲ. ಏಕಾಂಬರಣ್ಣನ ಕಸುಬು ಮಗ್ಗದ ಡಿಸೈನಿಗೆ ರಟ್ಟು ಕೊರೆಯುವುದು. ಹುಚ್ಚು, ಯಂತ್ರ ಕಟ್ಟುವುದು. ಸೊಳ್ಳೆ ಹಿಡಿಯುವ ಯಂತ್ರ ಮಾಡಿ ಬೀದಿಯ ಬಲ್ಬುಗಳನ್ನೆಲ್ಲ ಒಡೆಸಿದ್ದರು. ಚಪಾತಿ ಲಟ್ಟಿಸುವ ಯಂತ್ರ ಮಾಡಿ ನನ್ನ ಬಳೆಯನ್ನೂ ಲಟ್ಟಿಸಿದ್ದರು. ಬೀದಿಯೆಲ್ಲ ಬೈದರೂ ಅವರಿಗೆ ಚಿಂತೆಯಿಲ್ಲ, ಹೆಂಡತಿ ಏನಾದರೂ ಅನ್ನುತ್ತಾಳೇನೋ ಎಂದು ಅವಳ ಬೆನ್ನ ಹಿಂದೆ ನಿಂತು ಕಾಯುವುದು. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ದಿನ ನನ್ನ ಹತ್ತಿರ ಹೇಳಿಕೊಂಡಿದ್ದರು. "ಟೀವೀಲಿ ಬರೋ ಸೋಪಿನ ಜಾಹೀರಾತಿಗೂ ಇವಳು ಒಂದು ಮಾತು ಹೇಳ್ತಾಳಮ್ಮ. ನಂಗೆ ಒಂದು ಮಾತಿಲ್ಲ. ಕರೆಂಟು ಹೋದಾಗ ಕತ್ತಲಲ್ಲಿ ಇಬ್ರೇ ಕೂತಿರ್ತೀವಿ. ಏನೇನೋ ಮಾತಾಡಿಸ್ತೀನಿ. ಉಸಿರೆತ್ತಲ್ಲ. ನಾನು ಬೇಡವಾಗಿಬಿಟ್ಟಿದ್ದೀನಿ." ಅಷ್ಟು ವಯಸ್ಸಿನ ಗಂಡಸು ಹಾಗಂದರೆ ಏನು ಹೇಳುವುದು? ಅವಳಿಗೆ ಸೀರಿಯಲ್ಲು ಎಂದರೆ ಪ್ರಾಣ, ಅದರ ಮಾತು ಅವಳ ಕಿವಿಗೆ ಬೀಳುವ ಹಾಗೆ ಏನಾದರೂ ಮಾಡಿ, ಆಗ ನೋಡಿ ಹೇಗೆ ಹೊಗಳುತ್ತಾಳೆ ಎಂದೆ. ಬಾಯಿ ಸುಮ್ಮನಿರಬೇಕಲ್ಲ ನನ್ನದು!

ಅದರ ಫಲವೇ ಹಂಡೆ.

ಅದನ್ನು ಅವರು ನಮಗೆಲ್ಲ ತುಟಿಯಲ್ಲೇ ವಿವರಿಸಿದರು. ಮಗ್ಗದ ಸದ್ದು ಉದ್ದೆಳೆಯ ಹಾಸು ಇದ್ದ ಹಾಗೆ. ರಟ್ಟಿನ ಮಾಲೆ ನೋಡಿಕೊಂಡು ಯಂತ್ರ ಅದಕ್ಕೆ ಎದುರಾಗಿ ಇನ್ನೊಂದು ಸದ್ದನ್ನು ಅಡ್ಡೆಳೆಯ ಹೊಕ್ಕಿನ ಹಾಗೆ ಹಾಕುತ್ತದೆ. ಹಾಸೂ ಹೊಕ್ಕೂ ಸೇರಿದರೆ ಬಟ್ಟೆ ಬರಬೇಕು, ಇಲ್ಲಿ ಬರುವುದು ಸೊನ್ನೆ. ಗೌರಕ್ಕ ಟೀವಿಯ ಮುಂದೆ ರಾಟೆ ತಿರುಗಿಸುತ್ತ ಕುಳಿತಿದ್ದಳು. ಏಕಾಂಬರಣ್ಣ ಅವಳ ಹಿಂದಿನಿಂದ ಸ್ವಿಚ್ಚು ಒತ್ತಿದರು.

ಮಗ್ಗಗಳು ಓಡುತ್ತಲೇ ಇದ್ದವು, ಸದ್ದು ನಿಂತಿತು. ಎಂಥ ಮೌನ ಎಂದರೆ ನನ್ನ ರಾಟೆ ಕಿರುಗುಟ್ಟುವುದು ನನಗೇ ಮೊದಲ ಸಲ ಕೇಳಿಸಿತು. ಆಮೇಲೆ ಟೀವಿ ಮಾತಾಡಿತು. ಢಣ್ ಢಣ್ ಎಂದು ಸಿಡಿಲು ಬಡಿದಂಥ ಸಂಗೀತ, ಮಧ್ಯೆ ನಮ್ಮ ಹಲ್ಲುನೋವಿನ ಅತ್ತೆ. ಅವಳು ಸೊಸೆಯ ಹಾಲಿಗೆ ವಿಷ ಹಾಕುವ ವಿಷಯ ಮಾತಾಡುತ್ತಿದ್ದಳು! ಅವಳ ಹಲ್ಲುಗಳು ಬಲು ಗಟ್ಟಿಯಾಗಿದ್ದವು. ಕಮಲಿ ಚಾನೆಲ್ಲು ಬದಲಾಯಿಸಿದಳು. ಸೀರೆ ಉಟ್ಟ ಸಣಕಲ ಬಿದ್ದ, ಸಾವಿರ ಜನ ಗೊಳ್ಳೆಂದು ನಕ್ಕರು. ಕುರ್ಚಿಯಲ್ಲಿದ್ದ ದೊಡ್ಡವರ ತೆರೆದ ಬಾಯಿಯಿಂದ ಬರುತ್ತಿದ್ದದ್ದು ನಗು. ಆ ಸಣಕಲನ ಮಾತೂ ಅಷ್ಟು ತಮಾಷೆಯಾಗಿತ್ತು, ನಮಗೂ ನಗು ತಡೆಯಲಿಲ್ಲ.

ಗೌರಕ್ಕ ಒಬ್ಬಳೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಕ್ಕ, ಅವನು ಜೋಕು ಹೇಳ್ತಾವ್ನೆ ಕಣಕ್ಕ," ಎಂದಳು ಕಮಲಿ, ಹಿಂದಿನಿಂದ. ಗೌರಕ್ಕ ತಿರುಗಲಿಲ್ಲ. ಕಮಲಿ ಜೋರಾಗಿ ಕೂಗಿದಳು. ಏಕಾಂಬರಣ್ಣ ಹೆಸರು ಹಿಡಿದು ಕರೆದರು. ನನ್ನ ಮೊಣಕೈ ತಗುಲಿ ಹಿತ್ತಾಳೆಯ ತಟ್ಟೆ ನೆಲಕ್ಕೆ ಬಿದ್ದು ತಾಳ ಹಾಕಿದಂತೆ ಗಿರಗಿರನೆ ಸುತ್ತಿತು. ನಾವೆಲ್ಲ ಬೆಚ್ಚಿಬಿದ್ದೆವು. ಅವಳು ರಾಟೆ ತಿರುಗಿಸುತ್ತಲೇ ಇದ್ದಳು. ಟೀವಿಯಲ್ಲಿ ಜನ ನಗುತ್ತಲೇ ಇದ್ದರು.

ಯಾಕೋ ಅವಳೇ ತಿರುಗಿದಳು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ತುಟಿ ಓದುವವಳಿಗೆ ಮುಖ ಓದುವುದು ಏನು ಕಷ್ಟ? ಕಮಲಿಗೆ ನಾಲಿಗೆ ನೆಟ್ಟಗಿಲ್ಲ. ಇಷ್ಟು ವರ್ಷ ನಮಗೆ ಸುಳ್ಳು ಕತೆ ಹೇಳಿದೆಯಾ ಅಕ್ಕ ಎಂದುಬಿಟ್ಟಳು, ಎದುರಿಗೇ, ಬಾಯಿ ದೊಡ್ಡದು ಮಾಡಿ.

"ಸುಳ್ಳು ಹೇಳಿಲ್ಲ," ಎಂದಳು ಗೌರಕ್ಕ. "ನಂಗೆ ಕಂಡಿದ್ದು ಹೇಳ್ದೆ."

ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗಿ, ಎದುರು ನಿಂತು ಯಾವಾಗಿನಿಂದ ಎಂದು ಕೇಳಿದೆ. ಅವಳಿಗೇ ಗೊತ್ತಿಲ್ಲವಂತೆ. ಮಗ್ಗದ ಸದ್ದು ವರ್ಷವರ್ಷಕ್ಕೂ ಕಡಿಮೆಯಾಗುತ್ತ ಬಂತು, ಹೊಸ ಮೋಟಾರು ಒಳ್ಳೆಯದಿರಬೇಕು ಎಂದುಕೊಂಡಳಂತೆ. ಕೊನೆಗೆ ತಿಳಿದಾಗ ಯಾರಿಗೂ ಹೇಳಲು ಮನಸ್ಸಾಗಲಿಲ್ಲ. ಕಿವುಡಿಯ ಬಾಯಿಂದ ಸೀರಿಯಲ್ಲಿನ ಕತೆ ಕೇಳಲು ಯಾರು ಬರುತ್ತಾರೆ, ಸಂಜೆ ಮನೆ ಬಿಕೋ ಅನ್ನುತ್ತದೆ ಎಂದಳು. ನನಗೆ ದುಃಖ ಒತ್ತರಿಸಿಕೊಂಡು ಬಂತು. ಅವಳು ನೋಡಿಬಿಡುತ್ತಾಳೆಂದು ಅದನ್ನೂ ನುಂಗಿಕೊಂಡೆ.

ಅಂದಿನಿಂದ ಗೌರಕ್ಕ ಟೀವಿ ಹಾಕುವುದನ್ನೇ ಬಿಟ್ಟಳು. ನಾವೂ ಹೋಗಲಿಲ್ಲ. ಸೀರಿಯಲ್ಲುಗಳನ್ನು ಹಂಡೆಯ ದಯೆಯಿಂದ ನಮ್ಮ ನಮ್ಮ ಮನೆಯಲ್ಲಿ ಸದ್ದಿನ ಸಮೇತ ಕೇಳಿದೆವು. ನಿಜ ಹೇಳುತ್ತೇನೆ, ಒಂದೂ ಚೆನ್ನಾಗಿರಲಿಲ್ಲ. ಅತ್ತೆ ಹಾಲಿಗೆ ವಿಷ ಹಾಕುವ ವಿಷಯವನ್ನು ಎರಡು ವಾರ ಎಳೆದಳು. ಹಾಲು ಒಡೆದು ಮೊಸರಾಗಿರಬೇಕು ಅಷ್ಟರಲ್ಲಿ.

ಏಕಾಂಬರಣ್ಣನ ಗತಿಯಂತೂ ನೋಡಲಾಗದು. ಹೆಂಡತಿಯ ಮುಂದೆ ನಿಲ್ಲಲು ಅವರಿಗೆ ಮುಖವಿಲ್ಲ. ಕತ್ತಲಲ್ಲಿ ಮಾತಾಡಿಸಿ, ಉತ್ತರ ಬರಲಿಲ್ಲವೆಂದು ಮುನಿಸಿಕೊಂಡ ವರ್ಷಗಳನ್ನೆಲ್ಲ ಯಾವ ಯಂತ್ರದಿಂದ ವಾಪಸು ತರುವುದು? ಆದರೂ ಅವರಿಗೆ ಗೊತ್ತಿರುವುದು ಯಂತ್ರ ಒಂದೇ. ಹಂಡೆಯನ್ನು ಮತ್ತೆ ಬಿಚ್ಚಿದರು. ಅವಳ ಕಿವಿಗೆ ಚೂರುಪಾರು ಸದ್ದು ಹೋಗುತ್ತಿಲ್ಲ ತಾನೆ, ಹಾಗಾದರೆ ಮಗ್ಗದ ಸದ್ದನ್ನು ಕರಗಿಸದೆ ಹಂಡೆಯಲ್ಲಿ ಕೂಡಿಟ್ಟು, ಅದರ ಬಲದಿಂದ ಒಂದೇ ಒಂದು ಮಾತನ್ನು ಒಳಗೆ ತಳ್ಳಿದರೆ ಹೋಗಬಹುದು ಎಂದು ಅವರ ಲೆಕ್ಕ. ಯಾವ ಮಾತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೆಲಸದ ಅವಸರ, ಮನಸ್ಸು ಸರಿಯಿಲ್ಲ. ರಟ್ಟಿನ ಮಾಲೆಯನ್ನು ಉಲ್ಟಾ ಏರಿಸಿಬಿಟ್ಟರು. ನೇಕಾರರಲ್ಲಿ ಇದು ಆಗಾಗ ಆಗುವ ತಪ್ಪೇ. ಮಗ್ಗದಲ್ಲಾದರೆ ಸೀರೆಯ ನವಿಲು ತಲೆಕೆಳಗಾಗುತ್ತದೆ, ಒಂದು ಸೀರೆ ಹಾಳು. ಇಲ್ಲಿ ಯಂತ್ರದ ನಾಲಿಗೆಯೇ ತಲೆಕೆಳಗಾಯಿತು. ಮಗ್ಗದ ಸದ್ದು ಒಂದನ್ನೇ ತಿನ್ನಬೇಕಾದ್ದು ಸಿಕ್ಕಿದ್ದನ್ನೆಲ್ಲ ನುಂಗಲು ಶುರುಮಾಡಿತು.

ಮೊದಲು ನಮ್ಮ ಕುಕ್ಕರಿನ ಕೂಗು ಹೋಯಿತು, ಬೇಳೆ ಇದ್ದಿಲಾಯಿತು. ಆಮೇಲೆ ಸೊಪ್ಪಿನವಳ ಕೂಗು. ಅವಳು ಬೀದಿಯುದ್ದಕ್ಕೂ ಬಾಯಿ ಬಡಿದುಕೊಂಡು ಹೋದಳು, ಒಂದು ಕಟ್ಟೂ ಮಾರಲಿಲ್ಲ. ದೇವಸ್ಥಾನದಲ್ಲಿ ಪೂಜಾರಪ್ಪ ಗಂಟೆ ಅಲ್ಲಾಡಿಸಿ ಅಲ್ಲಾಡಿಸಿ, ಗಂಟೆಯ ನಾಲಿಗೆ ಬಿದ್ದುಹೋಗಿದೆಯೇ ಎಂದು ಒಳಗೆ ಬೆರಳು ಹಾಕಿ ನೋಡಿದರು. ಯಲಹಂಕದಿಂದ ಬಂದ ನನ್ನ ನಾದಿನಿ ಬೀದಿಯೊಳಗೆ ಕಾಲಿಟ್ಟು ಎರಡು ಮಾತಾಡಿ, ತನಗೆ ಲಕ್ವ ಹೊಡೆಯಿತೆಂದು ಹೆದರಿ ಬಂದ ಬಸ್ಸಿಗೇ ಹೊರಟುಹೋದಳು. ಅದೊಂದು ಉಪಕಾರವಾಯಿತು.

ಯಂತ್ರ ಆರಿಸೋಣವೆಂದರೆ ಸ್ವಿಚ್ಚಿನ ಹತ್ತಿರವೂ ಹೋಗಲಾಗದಷ್ಟು ಹಂಡೆ ಉಬ್ಬಿ ಅದುರುತ್ತಿತ್ತು. ಮುಚ್ಚಳ ಹಾರದಂತೆ ರುಬ್ಬುಗುಂಡು ಹೇರಿ ಕೂರಿಸಿದ್ದರು. ಕರೆಂಟು ಹೋಗುವವರೆಗೆ ಕಾಯೋಣ ಎಂದರು ಏಕಾಂಬರಣ್ಣ. ಬೇರೆ ದಿನಗಳಲ್ಲಿ ಹೊತ್ತುಹೊತ್ತಿಗೆ ಕೈಕೊಡುವ ಕರೆಂಟು ಆ ವಾರ ಪತಿವ್ರತೆಯ ಹಾಗೆ ಇದ್ದುಬಿಟ್ಟಿತು.

ನಮ್ಮ ಬೀದಿಗೆ ಸದ್ದಿಲ್ಲದೆ ಬದುಕುವುದು ಹೊಸದಲ್ಲವಲ್ಲ, ಹೊಂದಿಕೊಂಡೆವು. ಹೊಂದಿಕೊಂಡದ್ದಷ್ಟೇ ಅಲ್ಲ, ಕೊಬ್ಬಿಕೊಂಡೆವು. ಮುಖ ತಿರುಗಿಸಿದರೆ ಸಾಕು, ಏನು ಬೇಕಾದರೂ ಗಟ್ಟಿಯಾಗಿ ಅನ್ನಬಹುದು! ಕಮಲಿ ಗೋಡೆಗೆ ಮುಖ ಮಾಡಿ ಅತ್ತೆಯ ಏಳು ತಲೆಮಾರನ್ನು ಜಾಲಾಡಿದಳು. ಅವಳ ಅತ್ತೆ ಹಿತ್ತಿಲಿಗೆ ಮುಖ ಮಾಡಿ ಅದೇ ಕೆಲಸ ಮಾಡಿದಳು. ನಮ್ಮ ಯಜಮಾನರು ಬಚ್ಚಲಲ್ಲಿ ಹಾಡಿದರು. ನಾನೂ ಕಮಲಿಯ ಸಾರಿನ ಬಗ್ಗೆ ನಾಲ್ಕು ಮಾತು ಹೇಳಿದೆ ಎನ್ನಿ.

ಟೀವಿ ಮಾತ್ರ ಮತ್ತೆ ಮೂಕವಾಗಿತ್ತು. ನಾವು ನಾಚಿಕೆ ಬಿಟ್ಟು ರಾಟೆ ಎತ್ತಿಕೊಂಡು ಗೌರಕ್ಕನ ಬಾಗಿಲಿಗೆ ಹೋದೆವು. ಹೊಸ ಸೀರಿಯಲ್ಲು ಬಂದಿದೆ, ನಮಗೆ ಒಂದೂ ಕೇಳಿಸುತ್ತಿಲ್ಲ, ಬಂದು ಹೇಳು ಎಂದು ತುಟಿ ಆಡಿಸಿದೆವು. ಅವಳ ಮುಖ ಬಿಳಿಚಿಕೊಂಡಿತು. ನಾವು ಅಣಕಿಸಲು ಬಂದೆವೆಂದುಕೊಂಡಳು. ಕೇಳಿಸೋರು ನೀವೇ ಕೇಳ್ಕೊಳ್ಳಿ ಎಂದು ಬಾಗಿಲು ಹಾಕಿಕೊಂಡಳು. ಸದ್ದಿಲ್ಲದೆ ಮುಚ್ಚಿದ ಆ ಬಾಗಿಲಿನ ಮುಂದೆ ರಾಟೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆವೋ.

ಮರುದಿನ ಬೆಳಿಗ್ಗೆ ಅವರ ಅಡುಗೆಮನೆಯ ಕಿಟಕಿಯಲ್ಲಿ ಏಕಾಂಬರಣ್ಣನನ್ನು ಕಂಡೆ. ಅವಳು ಒಲೆಯ ಮುಂದೆ ನಿಂತಿದ್ದಳು, ಅವರು ಅವಳ ಹಿಂದೆ. ನನಗೆ ಕಂಡದ್ದು ಅವರ ಬೆನ್ನು, ಅದರಾಚೆ ಅವಳ ಬೆನ್ನು. ಅವರ ಹೆಗಲು ಅಲುಗುತ್ತಿತ್ತು, ಏನೋ ಹೇಳುತ್ತಿದ್ದರು. ಅವಳಿಗೆ ಕೇಳಿಸುವುದಿಲ್ಲ, ಬೀದಿಗೆ ಕೇಳಿಸುವುದಿಲ್ಲ, ಅವರಿಗೇ ಕೇಳಿಸುವುದಿಲ್ಲ. ಆ ಧೈರ್ಯದಿಂದ ಹೇಳುತ್ತಿದ್ದರು.

ಮಧ್ಯಾಹ್ನ ಕರೆಂಟು ಹೋಯಿತು.

ಮಗ್ಗಗಳು ನಿಂತವು. ಹಂಡೆಯ ಮುಚ್ಚಳ ರುಬ್ಬುಗುಂಡಿನ ಸಮೇತ ಹಾರಿ ಅಟ್ಟ ಸೇರಿತು. ಯಂತ್ರ ವಾರವಿಡೀ ನುಂಗಿದ್ದನ್ನು, ನುಂಗಿದ ಕ್ರಮದಲ್ಲೇ, ತುತ್ತೂರಿಯ ಮೂಲಕ ಕಾರತೊಡಗಿತು. ಮೊದಲು ಬೀದಿಯ ಅಷ್ಟೂ ಮಗ್ಗಗಳ ಬಡಿತ ಒಂದೇ ಸಲ ಬಂತು, ಹೆಂಚುಗಳು ಕುಣಿದವು. ಆಮೇಲೆ ಕುಕ್ಕರುಗಳು, ಸೊಪ್ಪಿನವಳು, ದೇವಸ್ಥಾನದ ಗಂಟೆ. ಆಮೇಲೆ ಕಮಲಿಯ ದನಿ, ಏಳು ತಲೆಮಾರಿನ ಸಮೇತ. ಹಿಂದೆಯೇ ಅವಳ ಅತ್ತೆಯ ಉತ್ತರ. ನಮ್ಮ ಯಜಮಾನರ ಹಾಡಿಗೆ ನಾಯಿಗಳು ಊರು ಬಿಟ್ಟವು. ಸಾರಿನ ವಿಷಯ ಬಂದಾಗ ಕಮಲಿ ನನ್ನನ್ನು ನೋಡಿದ ನೋಟ ಈಗಲೂ ಮೈ ಸುಡುತ್ತದೆ. ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡು, ಒಬ್ಬರನ್ನೊಬ್ಬರು ಶಪಿಸುತ್ತ ಏಕಾಂಬರಣ್ಣನ ಮನೆಗೆ ನುಗ್ಗಿದೆವು.

ನಡುಮನೆಯಲ್ಲಿ ಗೌರಕ್ಕ ಅವರೇಕಾಯಿ ಬಿಡಿಸುತ್ತ ಕುಳಿತಿದ್ದಳು. ನಾವು ಇಷ್ಟು ಜನ ಯಾಕೆ ಬಂದೆವೆಂದು ತಲೆಯೆತ್ತಿ ನೋಡಿದಳು. ಅಷ್ಟರಲ್ಲಿ ತುತ್ತೂರಿ ಒಂದು ಸಲ ಕೆಮ್ಮಿತು. ಅದು ಏಕಾಂಬರಣ್ಣನ ಕೆಮ್ಮು. ಅವರು ಎಲ್ಲಿದ್ದರೋ ಓಡಿಬಂದು ಹಂಡೆಯ ಮೇಲೆ ಬೋರಲು ಬಿದ್ದರು. ಅವರ ಹೊಟ್ಟೆಯ ಅಡಿಯಿಂದಲೇ ಅವರ ದನಿ ಹೊರಟಿತು.

"ಗೌರಾ. ಕತ್ತಲಲ್ಲಿ ಎಷ್ಟು ಸಲ ಮಾತಾಡಿಸ್ದೆ. ಉತ್ತರ ಬರ್ಲಿಲ್ಲ. ನಾನು ಸಾಕಾಗಿಹೋದೆ ಇವಳಿಗೆ ಅಂದ್ಕೊಂಡೆ ಕಣೆ. ಬೀದೀಗೆ ಗೊತ್ತಾಗ್ದೇ ಇರ್ಬೋದು, ಮಗ್ಗದ ಸದ್ದು. ನಂಗೆ ಗೊತ್ತಾಗ್ಬೇಕಿತ್ತು. ಒಂದು ದಿನ ದೀಪ ಹಚ್ಚಿ ಎದುರುಗಡೆ ಕೂತಿದ್ರೆ ಸಾಕಿತ್ತು. ಕೂರ್ಲಿಲ್ಲ. ನಿನ್ನ ಬಾಯಿಂದ ಬೇಡ ಅನ್ನೋದು ಬಂದ್ಬಿಟ್ರೆ ಅಂತ ಹೆದರ್ಕೊಂಡು ಹಂಡೆ ಮುಂದೆ ಕೂತೆ. ಈಗ ಎದುರು ಬರಕ್ಕೆ ಮುಖ ಇಲ್ಲ. ತಪ್ಪಾಯ್ತು. ನೀನು ಹೇಳ್ತಿದ್ದ ಕತೆಗಳೇ ಚೆನ್ನಾಗಿದ್ವು."

ಆಮೇಲೆ ಮೂಗು ಸೀಟಿದ ಸದ್ದು. ಯಂತ್ರ ಏನನ್ನೂ ಬಿಟ್ಟಿರಲಿಲ್ಲ.

ಹಂಡೆ ಬರಿದಾಯಿತು. ಕಮಲಿ ತನ್ನ ಅತ್ತೆಯ ಹೆಗಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ಅತ್ತೆ ಅವಳ ತಲೆ ಸವರುತ್ತಿದ್ದಳು. ನನಗೆ ಕಣ್ಣೀರು ನಿಲ್ಲಲಿಲ್ಲ. ಬೀದಿಗೆ ಬೀದಿಯೇ ಕೇಳಿಸಿಕೊಂಡ ಮಾತು ಯಾರಿಗೆ ಸೇರಬೇಕಿತ್ತೋ ಅವಳ ಕೈಯಲ್ಲಿ ಅವರೇಕಾಯಿ ಇತ್ತು.

"ಯಾಕ್ರೇ ಎಲ್ಲಾ ಅಳ್ತಾ ಇದೀರ?" ಎಂದಳು ಗಾಬರಿಯಿಂದ. "ಯಾರು ಹೋದ್ರು?"

ನಾನು ಅವಳೆದುರು ಕುಕ್ಕರಿಸಿದೆ. ಹೇಳಬೇಕೆಂದು ಬಾಯಿ ತೆರೆದೆ, ತುಟಿ ಮಾತು ಕೇಳಲಿಲ್ಲ. ಹಂಡೆಯ ಮೇಲೆ ಬಿದ್ದಿದ್ದ ಗಂಡನನ್ನು ತೋರಿಸಿ, ನಿನಗೇನೋ ಹೇಳಿದರು ಎಂದಷ್ಟೇ ತಿಳಿಸಿದೆ. ಅವಳು ಮಡಿಲಿನ ಸಿಪ್ಪೆ ಕೊಡವಿಕೊಂಡಳು.

"ನಂಗೆ ಹೇಳೋದಾದ್ರೆ ನನ್ನೆದುರು ಬಂದು ಹೇಳಿ," ಎಂದಳು ಅವರಿಗೆ. "ಹಂಡೆಗ್ಯಾಕೆ ಹೇಳ್ತೀರ?"

ಏಕಾಂಬರಣ್ಣ ಎದ್ದರು. ಎದೆಗೆಲ್ಲ ಮಸಿ. ಅವಳೆದುರು ಬಂದು ಕುಳಿತರು. ಬಾಗಿಲ ಬೆಳಕು ಇಬ್ಬರ ಮುಖದ ಮೇಲೂ ಬಿದ್ದಿತ್ತು. ಎರಡು ಸಲ ಬಾಯಿ ತೆರೆದು ಮುಚ್ಚಿದರು. ಕೊನೆಗೆ ಅವಳ ಮಡಿಲ ಕಡೆ ನೋಡುತ್ತ, ಈ ಸಲದ ಅವರೇಕಾಯಿಗೆ ಸೊಗಡೇ ಇಲ್ಲ ಎಂದರು.

ಗೌರಕ್ಕ ಅವರ ತುಟಿಯನ್ನು ನೋಡಿದಳು, ಒದ್ದೆಯಾದ ಕಣ್ಣನ್ನು ನೋಡಿದಳು. ಆಮೇಲೆ ಎಷ್ಟೋ ದಿನಗಳ ಮೇಲೆ ನಮ್ಮ ಕಡೆ ತಿರುಗಿ, ಟೀವಿಯವರ ಮಾತನ್ನು ನಮಗೆ ಹೇಳುತ್ತಿದ್ದ ಹಾಗೆಯೇ ಹೇಳಿದಳು.

"ತಪ್ಪಾಯ್ತು ಅಂತಾವ್ರೆ. ಆಕ್ಟಿಂಗು ಸುಮಾರು. ಮಾತು ಚೆನ್ನಾಗೈತೆ."

ಅವರೇಕಾಯಿಯ ಮಾತು ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತ್ತು. ಕಮಲಿಯೂ ಸೇರಿ, ಒಬ್ಬರೂ ತಿದ್ದಲಿಲ್ಲ.